ನಲವತ್ತೆಂಟು ಸೆಕೆಂಡಿನ ರೀಮೇಕ್

"ರೀಮೇಕಾ? ಅದನ್ನ ಎರಡೂವರೆ ಸಾವಿರ ಕೊಟ್ಟು ಕಲೀಬೇಕಾ?"

ಫೋನಿನಲ್ಲಿ ಅಮ್ಮ ಕೇಳಿದ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿ.ಕಾಂ. ಮುಗಿದು ಒಂದೂವರೆ ವರ್ಷವಾಗಿತ್ತು. ನಂಜನಗೂಡಿನ ಮನೆ ಬಿಟ್ಟು ಮೈಸೂರಿನ ಲಕ್ಷ್ಮೀಪುರಂನಲ್ಲಿ ಒಂದು ಹಳೇ ಹೆಂಚಿನ ಮನೆಯ ಹಿಂಭಾಗದ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಬೆಳಿಗ್ಗೆ ಬ್ಯಾಂಕ್ ಪರೀಕ್ಷೆಗೆ ಓದು, ಸಂಜೆ ಅಕ್ಕಪಕ್ಕದ ಮಕ್ಕಳಿಗೆ ಟ್ಯೂಷನ್, ನಡುವೆ ಕಂಡ ಕಂಡ ಕಂಪನಿಗೆಲ್ಲ ರೆಸ್ಯೂಮೆ ಕಳಿಸುವುದು. ಇಷ್ಟೇ ನನ್ನ ದಿನಚರಿ. ಅಕೌಂಟ್ಸ್ ಕೆಲಸದ ಜಾಹೀರಾತಿನ ಕೊನೆಯಲ್ಲೂ 'ವಿಡಿಯೊ ಮಾಡಲು ಬಂದರೆ ಆದ್ಯತೆ' ಅಂತ ಒಂದು ಸಾಲು ಇರತೊಡಗಿದ ಮೇಲೆ, ಹತ್ತಿರದಲ್ಲೇ ನಡೆಯುತ್ತಿದ್ದ ಎಂಟು ಭಾನುವಾರಗಳ ವಿಡಿಯೊ ತರಗತಿಗೆ ಟ್ಯೂಷನ್ ದುಡ್ಡು ಕಟ್ಟಿಬಿಟ್ಟೆ.

ಮೊದಲ ದಿನ ಹೋದಾಗ ನನ್ನ ತಲೆಯಲ್ಲಿ ಒಂದು ದೊಡ್ಡ ಕಥೆಯೇ ಇತ್ತು. ಕೆಲಸ ಸಿಗದ ಹುಡುಗಿ, ಮಳೆ, ಬಸ್ ಸ್ಟ್ಯಾಂಡು, ಹಿನ್ನೆಲೆಯಲ್ಲಿ ಪಿಟೀಲು. ಸರ್ ಅದನ್ನು ಕೇಳುವ ಗೋಜಿಗೇ ಹೋಗಲಿಲ್ಲ. "ನಿಮ್ಮ ಸ್ವಂತ ಕಥೆ ಈಗ ಬೇಡ. ಯಾರೋ ಆಗಲೇ ಮಾಡಿರೋ, ಒಂದು ನಿಮಿಷಕ್ಕಿಂತ ಚಿಕ್ಕ ಸಿನಿಮಾನ ಮತ್ತೆ ಮಾಡಿ. ಕಥೆ ಚೆನ್ನಾಗಿದೆಯಾ ಇಲ್ವಾ ಅನ್ನೋ ತಲೆನೋವು ನಿಮಗಿರಲ್ಲ. ಮಾಡೋದು ಹೇಗೆ ಅನ್ನೋದಷ್ಟೇ ತಲೆನೋವು" ಅಂದರು.

ನಿಯಮಗಳು ಇಷ್ಟು: ಒಂದೇ ಶಾಟ್. ಕ್ಯಾಮೆರಾ ಅಲ್ಲಾಡಬಾರದು. ಜೂಮ್ ಇಲ್ಲ, ಕಟ್ ಇಲ್ಲ, ಹಾಡಿಲ್ಲ, ಮಾತಿಲ್ಲ. ಮೂಲದಿಂದ ಬೇಕಾದರೆ ಒಂದೇ ಒಂದು ವಿಷಯ ಬದಲಾಯಿಸಬಹುದು, ಆದರೆ ಯಾಕೆ ಬದಲಾಯಿಸಿದಿರಿ ಅಂತ ಒಂದು ವಾಕ್ಯದಲ್ಲಿ ಹೇಳಬೇಕು.

ನನಗೆ ನಿಜವಾಗಿಯೂ ಬೇಜಾರಾಯಿತು. ಕಾಪಿ ಹೊಡೆಯುವುದನ್ನು ಕಲಿಯೋಕೆ ಬಂದೆನಾ ಅನ್ನಿಸಿತು.

ಮಾಲಿ, ಹುಡುಗ ಮತ್ತು ಪೈಪು

ನಮ್ಮ ಗುಂಪಿನಲ್ಲಿ ಮೂರು ಜನ. ಇಂಜಿನಿಯರಿಂಗ್ ಕೊನೇ ವರ್ಷದ ಹುಡುಗ, ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಸಂಜೆ ಕಾಲೇಜಿಗೆ ಹೋಗುವ ಅಕ್ಕ, ಮತ್ತೆ ನಾನು. ನಮಗೆ ಬಂದ ಸಿನಿಮಾ 'ಲಾರೋಸ್ಯೂರ್ ಆರೋಸೆ'. ಫ್ರೆಂಚ್ ಹೆಸರು. 'ನೀರು ಹಾಕುವವನ ಮೇಲೇ ನೀರು' ಅಂತ ಅರ್ಥ. ಫ್ರಾನ್ಸಿನ ಲಿಯಾನ್ ಊರಿನ ಲೂಮಿಯೇರ್ ಸೋದರರು 1895ರಲ್ಲಿ ತೆಗೆದದ್ದು. ಅದೇ ವರ್ಷ ಡಿಸೆಂಬರ್ 28ರಂದು ಪ್ಯಾರಿಸ್‌ನ ಗ್ರಾಂಡ್ ಕೆಫೆಯಲ್ಲಿ ಜನ ಟಿಕೆಟ್ ಕೊಟ್ಟು ನೋಡಿದ ಹತ್ತು ಪುಟ್ಟ ಸಿನಿಮಾಗಳಲ್ಲಿ ಇದೂ ಒಂದು. ಆ ಸೋದರರ ಪ್ರದರ್ಶನ 1896ರ ಜುಲೈ 7ಕ್ಕೆ ಮುಂಬೈನ ವಾಟ್ಸನ್ ಹೋಟೆಲಿಗೂ ಬಂತು. ನಮ್ಮ ದೇಶ ಸಿನಿಮಾ ನೋಡಿದ್ದು ಅಲ್ಲಿಂದ.

ಕಥೆ ಎಷ್ಟು ಚಿಕ್ಕದು ಅಂದರೆ ಒಂದೇ ಉಸಿರಿನಲ್ಲಿ ಹೇಳಬಹುದು. ಮಾಲಿಯೊಬ್ಬ ಪೈಪ್ ಹಿಡಿದು ಗಿಡಗಳಿಗೆ ನೀರು ಹಾಕುತ್ತಿದ್ದಾನೆ. ಹಿಂದಿನಿಂದ ಹುಡುಗನೊಬ್ಬ ಬಂದು ಪೈಪ್ ತುಳಿಯುತ್ತಾನೆ. ನೀರು ನಿಲ್ಲುತ್ತದೆ. ಏನಾಯಿತು ಅಂತ ಮಾಲಿ ಪೈಪಿನ ತುದಿಯನ್ನು ಮುಖದ ಹತ್ತಿರ ಹಿಡಿದು ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ನೀರು ಮುಖಕ್ಕೆ ರಾಚಿ ಟೋಪಿ ಹಾರಿಹೋಗುತ್ತದೆ. ಮಾಲಿ ಅಟ್ಟಿಸಿಕೊಂಡು ಹೋಗಿ ಹುಡುಗನನ್ನು ಹಿಡಿದು ಅಂಡಿಗೆ ನಾಲ್ಕು ಬಾರಿಸುತ್ತಾನೆ. ಆಮೇಲೆ ಮತ್ತೆ ನೀರು ಹಾಕುತ್ತಾನೆ. ಮುಗಿಯಿತು.

ಇದು ಒಂದು ನಿಮಿಷವೂ ಯಾಕಿಲ್ಲ ಗೊತ್ತಾ? ಅವರ ಯಂತ್ರದಲ್ಲಿ ಹಿಡಿಸುತ್ತಿದ್ದದ್ದೇ ಸುಮಾರು 17 ಮೀಟರ್ ರೀಲು. ಕೈಯಲ್ಲಿ ಹಿಡಿ ತಿರುಗಿಸುತ್ತಾ ಓಡಿಸಿದರೆ ಐವತ್ತು ಸೆಕೆಂಡಿನ ಆಸುಪಾಸಿನಲ್ಲಿ ರೀಲು ಖಾಲಿ. ಅಷ್ಟರಲ್ಲಿ ಕಥೆ ಶುರುವಾಗಿ, ನಡುವೆ ಒಂದು ತಿರುವು ಬಂದು, ಮುಗಿದಿರಬೇಕು. ಇವತ್ತಿನ ರೀಲ್ಸ್‌ಗೆ ಇರುವ ಲೆಕ್ಕವೇ 130 ವರ್ಷದ ಹಿಂದೆಯೂ ಇತ್ತು! ಕಥೆ ಹೇಳಿದ ಮೊಟ್ಟಮೊದಲ ಸಿನಿಮಾಗಳಲ್ಲಿ ಇದು ಒಂದು. ಮೊದಲ ಹಾಸ್ಯ ಸಿನಿಮಾ ಅಂತ ಕರೆಯುವವರೂ ಇದ್ದಾರೆ. ಇದರಲ್ಲಿ ನಟಿಸಿದ ಮಾಲಿ ನಟನೇ ಅಲ್ಲ. ಲೂಮಿಯೇರ್ ಕುಟುಂಬದ ತೋಟದ ಮಾಲಿ ಫ್ರಾಂಸ್ವಾ ಕ್ಲೆರ್.

ಇನ್ನೊಂದು ವಿಷಯ ತಿಳಿದ ಮೇಲೆ ನನ್ನ ಬೇಜಾರು ಅರ್ಧ ಇಳಿಯಿತು. ಆ ಜೋಕು ಲೂಮಿಯೇರ್ ಸೋದರರ ಸ್ವಂತದ್ದೇ ಅಲ್ಲ. ಅದಕ್ಕೂ ಮುಂಚೆ ಫ್ರಾನ್ಸಿನ ಪತ್ರಿಕೆಗಳಲ್ಲಿ ಚಿತ್ರಕಥೆಯಾಗಿ ಬಂದಿತ್ತು. ಸಿನಿಮಾ ಆದ ಮೇಲೆ ಅವರೇ ಅದನ್ನು ಮತ್ತೆ ತೆಗೆದರು. 1896ರಲ್ಲಿ ಜಾದೂಗಾರ ಜಾರ್ಜ್ ಮೆಲಿಯೆಸ್ ಕೂಡ ತೆಗೆದ. ಅಂದರೆ ಸಿನಿಮಾ ಹುಟ್ಟಿದ ಮರುವರ್ಷವೇ ರೀಮೇಕೂ ಹುಟ್ಟಿತು.

ರೀಮೇಕ್ ಅಂದರೆ ಕೀಳಾ?

ನಮ್ಮಲ್ಲಿ 'ರೀಮೇಕ್' ಅಂದರೆ ಒಂದು ಥರ ಬೈಗುಳ. ಅದಕ್ಕೆ ಎದುರಾಗಿ 'ಸ್ವಮೇಕ್' ಅನ್ನುವ ಪದವನ್ನೇ ನಮ್ಮವರು ಹುಟ್ಟುಹಾಕಿದ್ದಾರೆ. ಆದರೆ ನಮ್ಮ ಜಿಲ್ಲೆಯವರೇ ಆದ, ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಬಂದ ಪುಟ್ಟಣ್ಣ ಕಣಗಾಲರು 1972ರ ತಮ್ಮ 'ನಾಗರಹಾವು' ಚಿತ್ರವನ್ನು 1974ರಲ್ಲಿ ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' ಅಂತ ತಾವೇ ಮತ್ತೆ ಮಾಡಿದರು. ಕನ್ನಡದಲ್ಲಿ ಓಡಿದ ಹಾಗೆ ಅದು ಹಿಂದಿಯಲ್ಲಿ ಓಡಲಿಲ್ಲ. ಪವನ್ ಕುಮಾರ್ 2016ರ 'ಯೂ-ಟರ್ನ್' ಚಿತ್ರವನ್ನು 2018ರಲ್ಲಿ ತಮಿಳು, ತೆಲುಗಿನಲ್ಲಿ ತಾವೇ ಮಾಡಿದರು. ಹಾಲಿವುಡ್‌ನಲ್ಲಿ ಗಸ್ ವ್ಯಾನ್ ಸಾಂಟ್ 1998ರಲ್ಲಿ ಹಿಚ್‌ಕಾಕ್‌ನ 'ಸೈಕೋ'ವನ್ನು ಹೆಚ್ಚುಕಡಿಮೆ ಶಾಟಿಗೆ ಶಾಟ್ ಅದೇ ಥರ ತೆಗೆದ. ಹಾಗೆ ತೆಗೆದರೂ ಅದು ಹಿಚ್‌ಕಾಕ್‌ನ ಸಿನಿಮಾ ಆಗಲಿಲ್ಲ.

"ಯಾಕಾಗಲಿಲ್ಲ ಅನ್ನೋದನ್ನ ನಾನು ಹೇಳಲ್ಲ. ನೀವು ಮಾಡಿ, ನಿಮಗೇ ಗೊತ್ತಾಗತ್ತೆ" ಅಂದರು ಸರ್. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ನಮ್ಮ ದೇಶದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. ಅಷ್ಟರೊಳಗಿನ ಸಿನಿಮಾವನ್ನು ಕೇಳದೆ ರೀಮೇಕ್ ಮಾಡಿ ಹಂಚಿದರೆ ತೊಂದರೆ. 1895ರ ಮಾಲಿಗೆ ಆ ತೊಂದರೆ ಇಲ್ಲ.

ತಾತನ ತೋಟ

ತೋಟ ಹುಡುಕಿಕೊಂಡು ಅಲೆಯಬೇಕಾಗಿರಲಿಲ್ಲ. ನನ್ನ ಕೋಣೆಯ ಕಿಟಕಿಯಿಂದಲೇ ಕಾಣುತ್ತಿತ್ತು. ಮನೆಯ ಮಾಲೀಕರು ನಿವೃತ್ತ ಹೈಸ್ಕೂಲು ಮೇಷ್ಟ್ರು. ಬೀದಿಯವರಿಗೆಲ್ಲ ಅವರು 'ಮೇಷ್ಟ್ರು', ನನಗೆ ತಾತ. ಎರಡು ವರ್ಷದ ಹಿಂದೆ ಅಜ್ಜಿ ತೀರಿಕೊಂಡ ಮೇಲೆ ಒಬ್ಬರೇ. ಅಜ್ಜಿ ಬೆಳೆಸಿದ ದಾಸವಾಳ, ಕನಕಾಂಬರ, ಮಲ್ಲಿಗೆ ಬಳ್ಳಿ, ಕರಿಬೇವು, ಒಂದು ಸೀಬೆ ಮರ. ಇವಕ್ಕೆ ದಿನಾ ಬೆಳಿಗ್ಗೆ ತಪ್ಪದೆ ಹಸಿರು ಪೈಪ್ ಹಿಡಿದು ನೀರು ಹಾಕುತ್ತಾರೆ. ನನ್ನ ಜೊತೆ ಅವರ ಮಾತು 'ಗೇಟ್ ಹಾಕಮ್ಮ', 'ಲೈಟ್ ಆರಿಸಮ್ಮ' ಅನ್ನುವುದರಾಚೆ ಹೋದದ್ದೇ ಇಲ್ಲ.

ಹೆದರುತ್ತಲೇ ಕೇಳಿದೆ. ಮೊಬೈಲಿನಲ್ಲಿ ಆ ಸಿನಿಮಾ ತೋರಿಸಿದೆ. ಕನ್ನಡಕ ಹಣೆಗೇರಿಸಿ ಎರಡು ಸಲ ನೋಡಿದರು. "ಈ ಮಾಲಿ ನಾನಾಗಬೇಕೇನು? ಆಗಲಿ. ಆದರೆ ದಿನಾ ಗಿಡಕ್ಕೆ ಹಾಕೋಷ್ಟೇ ನೀರು. ಒಂದು ಬಕೆಟ್ ಜಾಸ್ತಿ ಇಲ್ಲ" ಅಂದರು.

ಆ ಒಂದು ಮಾತಿನಿಂದ ನಮ್ಮ ಲೆಕ್ಕವೇ ಬದಲಾಯಿತು. ತಾತ ನೀರು ಹಾಕುವುದು ಇಪ್ಪತ್ತು ನಿಮಿಷ. ರಿಹರ್ಸಲ್ ಕಳೆದರೆ ನಾಲ್ಕೇ ಟೇಕ್. ಮೊಬೈಲಿನಲ್ಲಿ ನೂರು ಸಲ ತೆಗೆಯಬಹುದು ಅಂದುಕೊಂಡಿದ್ದ ನಮಗೂ ಒಂದು '17 ಮೀಟರ್' ಬಂದಿತ್ತು.

ಹಾಗಾಗಿ ಮೊದಲು ಕಾಗದದ ಮೇಲೆ ಕೆಲಸ. ಮೂಲ ಸಿನಿಮಾವನ್ನು ಹತ್ತಾರು ಸಲ ನೋಡಿ, ಯಾರು ಎಲ್ಲಿಂದ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅಂತ ಚೌಕ ಹಾಕಿ ಬರೆದುಕೊಂಡೆವು. ಮೂರು ದಿನ ಬೆಳಿಗ್ಗೆ ತೋಟದಲ್ಲಿ ನಿಂತು ಬಿಸಿಲು ನೋಡಿದೆವು. ನೀರು ಕ್ಯಾಮೆರಾಗೆ ಚೆನ್ನಾಗಿ ಕಾಣಬೇಕಾದರೆ ಬೆಳಕು ಹಿಂದಿನಿಂದಲೋ ಪಕ್ಕದಿಂದಲೋ ಬೀಳಬೇಕು, ಹಿನ್ನೆಲೆ ಸ್ವಲ್ಪ ಕಪ್ಪಗಿರಬೇಕು ಅನ್ನುವುದು ಆಗ ತಿಳಿದದ್ದು. ಸೀಬೆ ಮರದ ನೆರಳು ಹಿಂದೆ ಇಟ್ಟರೆ ಹನಿಹನಿಯೂ ಹೊಳೆಯುತ್ತಿತ್ತು. ಬಿಳಿ ಕಾಂಪೌಂಡ್ ಹಿಂದಿದ್ದರೆ ನೀರೇ ಮಾಯ. ಎಂಟೂವರೆ ಆಯಿತೆಂದರೆ ಪಕ್ಕದ ಮನೆಯ ತೆಂಗಿನ ನೆರಳು ತಾತನ ಮುಖದ ಮೇಲೆ. ಅಷ್ಟರೊಳಗೆ ಮುಗಿಯಬೇಕು.

ಹುಡುಗನ ಪಾತ್ರಕ್ಕೆ ನನ್ನ ಟ್ಯೂಷನ್ನಿನ ಐದನೇ ಕ್ಲಾಸ್ ಹುಡುಗ. ಅವರಮ್ಮನ ಒಪ್ಪಿಗೆ ತೆಗೆದುಕೊಂಡೆವು. ಸಂಭಾವನೆ ಒಂದು ಟೆನಿಸ್ ಬಾಲ್. ಟೋಪಿ ಬದಲು ತಾತನ ತಲೆಗೆ ಟವೆಲ್. ಚಳಿಗೆ ಹಾಕುವ ಮಂಕಿ ಕ್ಯಾಪ್ ಎಷ್ಟು ನೀರು ರಾಚಿದರೂ ಹಾರುವುದಿಲ್ಲವಲ್ಲ!

ಮೂರು ಟೇಕು, ಮೂರು ಪಾಠ

ಆ ಶನಿವಾರ ಬೆಳಿಗ್ಗೆ ಏಳೂಕಾಲಿಗೆ ಸ್ಟೂಲ್ ಮೇಲೆ ಇಟ್ಟಿಗೆ, ಇಟ್ಟಿಗೆ ಮೇಲೆ ರಬ್ಬರ್ ಬ್ಯಾಂಡ್ ಸುತ್ತಿದ ನನ್ನ ಮೊಬೈಲು. ಮೂವರಲ್ಲಿ ಚೆನ್ನಾಗಿದ್ದ ಕ್ಯಾಮೆರಾ ನನ್ನ ಫೋನಿನದೇ. ಅದೇ ನನ್ನ ತಲೆನೋವೂ ಆಗಿತ್ತು. ಗುರುವಾರ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಕೊಟ್ಟು ಬಂದಿದ್ದೆ. 'ಆಯ್ಕೆಯಾದರೆ ಶನಿವಾರ ಮಧ್ಯಾಹ್ನದೊಳಗೆ ಕಾಲ್ ಮಾಡ್ತೀವಿ' ಅಂದಿದ್ದರು. ಎರಡು ದಿನದಿಂದ ಫೋನ್ ಕೈ ಬಿಟ್ಟಿರಲಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಸ್ಟೂಲ್ ಮೇಲೆ ಇಟ್ಟು ಹೋಗುತ್ತಿದ್ದೆ.

ರಿಹರ್ಸಲ್‌ನಲ್ಲೇ ಮೊದಲ ಪೆಟ್ಟು. ಹುಡುಗ ಪೈಪ್ ಮೇಲೆ ನಿಂತ. ನೀರು ನಿಲ್ಲಲೇ ಇಲ್ಲ! ದಪ್ಪ ಪ್ಲಾಸ್ಟಿಕ್ ಪೈಪು, ಇಪ್ಪತ್ತೆಂಟು ಕೆಜಿ ಹುಡುಗ. ಎರಡೂ ಕಾಲಿಟ್ಟು ಕುಣಿದರೂ ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ನಲ್ಲಿ ತಿರುಗಿಸಿ ನಿಲ್ಲಿಸೋಣ ಅಂದರೆ, ಮತ್ತೆ ತಿರುಗಿಸಿದಾಗ ನೀರು ಚಿಮ್ಮುವ ಬದಲು ಜೊಳಜೊಳ ಅಂತ ನಿಧಾನಕ್ಕೆ ಬರುತ್ತಿತ್ತು. ಅಕ್ಕನೇ ದಾರಿ ಕಂಡುಹಿಡಿದಳು. ಫ್ರೇಮಿನ ಹೊರಗೆ ಕೂತು ಪೈಪನ್ನು ಮಡಚಿ ಹಿಡಿದುಕೊಂಡಳು. ಹುಡುಗ ಕಾಲು ತೆಗೆದ ಕ್ಷಣಕ್ಕೆ ಬಿಟ್ಟಳು. ಪೈಪಿನಲ್ಲಿ ಒತ್ತಿ ನಿಂತಿದ್ದ ನೀರು ಛಳ್ಳನೆ ಚಿಮ್ಮಿತು.

ಮೊದಲ ಟೇಕ್. ಎಲ್ಲ ಸರಿಯಾಗಿ ನಡೆಯಿತು. ನೀರು ನಿಂತಿತು, ತಾತ ಪೈಪ್ ನೋಡಿದರು, ಮುಖಕ್ಕೆ ರಾಚಿತು, ಟವೆಲ್ ಬಿತ್ತು. ಹುಡುಗ ಗೇಟಿನ ಕಡೆ ಓಡಿದ. ತಾತ ಅಟ್ಟಿಸಿಕೊಂಡು ಹೋದರು. ಆಮೇಲೆ? ಮೊಬೈಲಿನಲ್ಲಿ ಬರೀ ಗಿಡ! ಹಿಡಿದದ್ದು, ಬೈದದ್ದು ಎಲ್ಲ ಫ್ರೇಮಿನ ಹೊರಗೆ, ಗೇಟಿನ ಹತ್ತಿರ.

ಮೂಲವನ್ನು ಮತ್ತೆ ಹಾಕಿ ನೋಡಿದೆವು. ಆಗ ಕಣ್ಣಿಗೆ ಬಿತ್ತು. ಆ ಮಾಲಿ ಹುಡುಗನನ್ನು ಹಿಡಿದ ಮೇಲೆ ಅಲ್ಲೇ ಹೊಡೆಯುವುದಿಲ್ಲ. ಎಳೆದುಕೊಂಡು ಕ್ಯಾಮೆರಾ ಮುಂದಕ್ಕೆ ಬರುತ್ತಾನೆ, ಆಮೇಲೆ ಹೊಡೆಯುತ್ತಾನೆ. ಕ್ಯಾಮೆರಾ ಅಲ್ಲಾಡುವುದಿಲ್ಲ, ಹಾಗಾಗಿ ಕಥೆಯೇ ಕ್ಯಾಮೆರಾ ಹತ್ತಿರ ಬರಬೇಕು. ಹತ್ತಾರು ಸಲ ನೋಡಿದ್ದೆವು, ನಗಾಡಿದ್ದೆವು, ಬರೆದುಕೊಂಡೂ ಇದ್ದೆವು. ಆದರೆ ಇದು ಕಂಡಿರಲೇ ಇಲ್ಲ. ನೋಡುವುದು ಬೇರೆ, ಮಾಡಬೇಕಾದಾಗ ನೋಡುವುದು ಬೇರೆ.

ಎರಡನೇ ಟೇಕ್. ತಾತ ಪೈಪಿನ ತುದಿ ನೋಡುತ್ತಿದ್ದಾರೆ, ಹುಡುಗ ಕಾಲು ತೆಗೆಯಬೇಕು, ಅಷ್ಟರಲ್ಲಿ ಫೋನ್ ರಿಂಗಾಯಿತು. ರೆಕಾರ್ಡಿಂಗ್ ನಿಂತೇಹೋಯಿತು. ನನ್ನ ಎದೆ ಧಸಕ್ಕೆಂದಿತು. ನೋಡಿದರೆ ಅಮ್ಮ. "ತಿಂಡಿ ಆಯ್ತಾ?"

"ಅಕ್ಕ, ಏರೋಪ್ಲೇನ್ ಮೋಡ್ ಹಾಕಿ" ಅಂದ ಇಂಜಿನಿಯರಿಂಗ್ ಹುಡುಗ. ನಾನು ಸುಮ್ಮನೆ ನಿಂತೆ. ಈ ಅರ್ಧ ಗಂಟೆಯಲ್ಲೇ ಆ ಕಾಲ್ ಬಂದುಬಿಟ್ಟರೆ? ಎಂಟು ಗಂಟೆಗೆ ಯಾವ ಆಫೀಸೂ ತೆರೆದಿರುವುದಿಲ್ಲ ಅಂತ ಗೊತ್ತು. ಆದರೆ ಒಂದೂವರೆ ವರ್ಷ ಕಾದವರಿಗೆ ಬುದ್ಧಿ ಹೇಳುವುದು ಕಷ್ಟ. ತಾತ ಒದ್ದೆ ಬನಿಯನ್ನಿನಲ್ಲಿ ನಡುಗುತ್ತಾ ನಿಂತಿದ್ದರು. ಎಪ್ಪತ್ತು ದಾಟಿದ ಜೀವ ನನಗೋಸ್ಕರ ಎರಡು ಸಲ ತಣ್ಣೀರು ಮುಖಕ್ಕೆ ಹೊಡೆಸಿಕೊಂಡಿದೆ. ನಾನು ಒಂದು ಬಟನ್ ಒತ್ತೋಕೆ ಹಿಂದೆಮುಂದೆ ನೋಡುತ್ತಿದ್ದೇನೆ. ನಾಚಿಕೆಯಾಯಿತು. ಒತ್ತಿದೆ.

ಮೂರನೇ ಟೇಕ್. ಇದಕ್ಕಿಂತ ಚೆನ್ನಾಗಿ ಆಗೋಕೆ ಸಾಧ್ಯವೇ ಇರಲಿಲ್ಲ. ತಾತ ಹುಡುಗನ ತೋಳು ಹಿಡಿದು ಕ್ಯಾಮೆರಾ ಮುಂದಕ್ಕೆ ಕರೆತಂದರು. ಬಗ್ಗಿಸಿದರು. ಕೈ ಎತ್ತಿದರು.

ಎತ್ತಿದ ಕೈ ಅಲ್ಲೇ ನಿಂತಿತು.

ಐದು ಸೆಕೆಂಡಾಯಿತು, ಹತ್ತಾಯಿತು. ಕೈ ಕೆಳಗಿಳಿಸಿ, "ಆಗಲ್ಲ ಕಣಮ್ಮ" ಅಂದು ಜಗುಲಿ ಮೇಲೆ ಕೂತುಬಿಟ್ಟರು.

ಎತ್ತಿದ ಕೈ

"ಆಕ್ಟಿಂಗ್ ತಾನೇ ತಾತ, ಸುಮ್ನೆ ಹಂಗೆ ತಟ್ಟಿದ್ರೆ ಸಾಕು" ಅಂದ ಇಂಜಿನಿಯರಿಂಗ್ ಹುಡುಗ. ಪುಟ್ಟ ಹುಡುಗನೂ, "ಪರವಾಗಿಲ್ಲ ತಾತ, ಹೊಡೀರಿ. ನಂಗೇನೂ ನೋವಾಗಲ್ಲ" ಅಂದ. ಅದನ್ನು ಕೇಳಿ ತಾತನ ಮುಖ ಇನ್ನೂ ಸಣ್ಣದಾಯಿತು.

ಅಕ್ಕ ಕಾಫಿ ಮಾಡಿಕೊಂಡು ಬಂದಳು. ತಾತ ಲೋಟ ಹಿಡಿದುಕೊಂಡು, ನಮ್ಮನ್ನು ನೋಡದೆ, ಗಿಡ ನೋಡುತ್ತಾ ಹೇಳಿದರು:

"ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದೆ. ಆವಾಗ ಹೊಡೆಯೋದೂ ಪಾಠಾನೇ ಅಂದ್ಕೊಂಡಿದ್ವಿ. ಒಬ್ಬ ಹುಡುಗನಿಗೆ ಲೆಕ್ಕ ಬರ್ಲಿಲ್ಲ ಅಂತ ಇಡೀ ಕ್ಲಾಸಿನ ಮುಂದೆ ಹೀಗೇ ಬಗ್ಗಿಸಿ ಹೊಡೆದೆ. ಮಾರನೇ ದಿನದಿಂದ ಸ್ಕೂಲಿಗೇ ಬರ್ಲಿಲ್ಲ. ಮನೆ ಹತ್ತಿರ ಹೋಗಿ ಕರೆದೆ. ಬರ್ಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿ, 'ನಮಸ್ಕಾರ ಸಾರ್' ಅಂತ ಕೈ ಮುಗಿದ. ಅದಕ್ಕಿಂತ ಅವನು ನಾಲ್ಕು ಬೈದಿದ್ರೆ ಚೆನ್ನಾಗಿತ್ತು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಆರ್.ಕೆ. ನಾರಾಯಣ್ ಯಾದವಗಿರಿಗೆ ಹೋಗೋಕೆ ಮುಂಚೆ ಇದೇ ಲಕ್ಷ್ಮೀಪುರಂನಲ್ಲಿ ಇದ್ದವರು. ಅವರ ಸ್ವಾಮಿ ಕಥೆ ಓದಿದ್ದೀಯಲ್ಲ? ಹೆಡ್‌ಮಾಸ್ಟರು ಬೆತ್ತ ಎತ್ತೋ ಕಡೆ ನಾನೂ ಸ್ವಾಮಿ ಪರವೇ. ಪುಸ್ತಕ ಮುಚ್ಚಿಟ್ಟು ಕ್ಲಾಸಿಗೆ ಹೋದ್ರೆ ಮಾತ್ರ ನಾನೇ ಹೆಡ್‌ಮಾಸ್ಟರು."

ಯಾರೂ ಮಾತಾಡಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದ್ದು 2009ರಲ್ಲಿ. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್‌ನಲ್ಲಿ. ಟ್ಯೂಷನ್ ಹೇಳುವ ನಾನೂ ಸ್ಕೇಲ್ ಹಿಡಿದು ಹೆದರಿಸಿದ್ದು ನೆನಪಾಯಿತು. ಎದುರಿಗೆ ಕೂತಿದ್ದ ಆ ಹುಡುಗನನ್ನೇ.

ಗಂಟೆ ಎಂಟೂಕಾಲು. ತೆಂಗಿನ ನೆರಳು ಕಾಂಪೌಂಡ್ ದಾಟುತ್ತಿತ್ತು. ಉಳಿದಿದ್ದದ್ದು ಒಂದು ಟೇಕು, ಒಂದು ಬದಲಾವಣೆ. ಆ ಒಂದು ಬದಲಾವಣೆಯನ್ನು ಇಂಜಿನಿಯರಿಂಗ್ ಹುಡುಗ ತಾತನ ಮುಖಕ್ಕೆ ನೀರು ಬೀಳುವ ಸ್ಲೋ ಮೋಷನ್‌ಗೆ ಅಂತ ಎತ್ತಿಟ್ಟಿದ್ದ. ವಾರವಿಡೀ ಅದನ್ನೇ ಅಭ್ಯಾಸ ಮಾಡಿಕೊಂಡು ಬಂದಿದ್ದ. ಮಾಲಿ ಹೊಡೆಯದಿದ್ದರೆ ಬೇರೆ ಏನು ಮಾಡುತ್ತಾನೆ? ಬೈಯುತ್ತಾನಾ? ಮಾತಿಲ್ಲದ ಸಿನಿಮಾ. ನಗುತ್ತಾನಾ? ಸುಳ್ಳು ಅನ್ನಿಸುತ್ತದೆ.

ಬೆಳಿಗ್ಗೆಯಿಂದ ಪೈಪನ್ನೇ ನೋಡುತ್ತಿದ್ದ ಪುಟ್ಟ ಹುಡುಗ ಕೇಳಿದ: "ಹಂಗಾದ್ರೆ ನಾನು ನೀರು ಹಾಕ್ಲಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಂಜಿನಿಯರಿಂಗ್ ಹುಡುಗ ಒಂದು ನಿಮಿಷ ಸುಮ್ಮನಿದ್ದು, "ಸರಿ, ಸ್ಲೋ ಮೋಷನ್ ಬಿಡಿ" ಅಂದ.

ನಾಲ್ಕನೇ ಟೇಕ್. ತಾತ ಹುಡುಗನನ್ನು ಹಿಡಿದು ಮುಂದಕ್ಕೆ ತಂದರು. ಕೈ ಎತ್ತಿದರು. ಕೈ ನಿಂತಿತು. ನಿಧಾನವಾಗಿ ಇಳಿದು, ಕೆಳಗೆ ಬಿದ್ದಿದ್ದ ಪೈಪ್ ಎತ್ತಿಕೊಂಡು, ಹುಡುಗನ ಕೈಗೆ ಕೊಟ್ಟಿತು. ಹುಡುಗ ದಾಸವಾಳಕ್ಕೆ ನೀರು ಹಾಕತೊಡಗಿದ. ತಾತ ಟವೆಲ್ ಹಿಂಡುತ್ತಾ ಪಕ್ಕದಲ್ಲಿ ನಿಂತರು. ನಲವತ್ತೆಂಟು ಸೆಕೆಂಡು.

ಏರೋಪ್ಲೇನ್ ಮೋಡ್ ತೆಗೆದೆ. ಯಾವ ಮೆಸೇಜೂ ಇರಲಿಲ್ಲ. ಮಧ್ಯಾಹ್ನದವರೆಗೂ ಕಾಲ್ ಬರಲಿಲ್ಲ. ಸೋಮವಾರ ನಾನೇ ಮಾಡಿದೆ. 'ಬೇರೆಯವರನ್ನು ತಗೊಂಡಾಯ್ತು ಮೇಡಂ' ಅಂದರು.

ಗೋಡೆಯ ಮೇಲೆ ತಾತ

ಮರುದಿನ ಭಾನುವಾರದ ತರಗತಿಗೆ ತಾತನನ್ನೂ ಕರೆದೆವು. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದರು. ದಾರಿಯಲ್ಲಿ, ನಾರಾಯಣಶಾಸ್ತ್ರಿ ರಸ್ತೆಯ ಶಾಂತಲಾ ಟಾಕೀಸಿಗೆ ಅಜ್ಜಿಯ ಜೊತೆ ಹೋಗುತ್ತಿದ್ದದ್ದನ್ನು ನೆನೆಸಿಕೊಂಡರು. ಅದು 2020ರಲ್ಲಿ ಬಾಗಿಲು ಹಾಕಿದ ಮೇಲೆ ಸಿನಿಮಾ ನೋಡಿದ್ದೇ ಇಲ್ಲವಂತೆ.

ಗೋಡೆಯ ಮೇಲೆ ನಮ್ಮ ಸಿನಿಮಾ ಓಡಿತು. ನೀರು ರಾಚಿದಾಗ ಎಲ್ಲರೂ ನಕ್ಕರು. 130 ವರ್ಷ ಹಳೇ ಜೋಕು ಲಕ್ಷ್ಮೀಪುರಂನಲ್ಲೂ ಕೆಲಸ ಮಾಡಿತು! ಕೈ ಎತ್ತಿದಾಗ ನಗು ನಿಂತಿತು. ಪೈಪ್ ಕೊಟ್ಟಾಗ ಕೋಣೆ ಪೂರ್ತಿ ನಿಶ್ಶಬ್ದ.

"ಏನು ಬದಲಾಯಿಸಿದಿರಿ, ಯಾಕೆ? ಒಂದೇ ವಾಕ್ಯ" ಅಂದರು ಸರ್.

ನಾನು ಬರೆದುಕೊಂಡು ಹೋಗಿದ್ದನ್ನು ಓದಿದೆ: "ನಮ್ಮ ಮಾಲಿಗೆ ಹೊಡೆಯಲು ಆಗಲಿಲ್ಲ, ಅದಕ್ಕೆ."

ಸರ್ ತಲೆಯಾಡಿಸಿದರು. "ಮಿಕ್ಕಿದ್ದನ್ನೆಲ್ಲ ನೀವು ಅಷ್ಟು ಸರಿಯಾಗಿ ಅದೇ ಥರ ಮಾಡಿದ್ದಕ್ಕೇ ಈ ಒಂದು ಬದಲಾವಣೆ ಕಾಣಿಸ್ತು. ಎಲ್ಲಾನೂ ಬದಲಾಯಿಸಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ" ಅಂದರು. ಫ್ರೇಮಿನ ಎಡಗಡೆ ಅಕ್ಕನ ಮೊಣಕೈ ಕಾಣುತ್ತಿದೆ ಅಂತ ತಪ್ಪನ್ನೂ ತೋರಿಸಿದರು.

ತಾತ ಮಾತ್ರ ಗೋಡೆಯನ್ನೇ ನೋಡುತ್ತಾ, "ಇನ್ನೊಂದ್ಸಲ ಹಾಕ್ತೀರಾ?" ಅಂದರು.

ನೀವೂ ಮಾಡಿ ನೋಡಿ

ಕೈಯಲ್ಲಿ ಫೋನಿದ್ದು, ಸಿನಿಮಾ ಮಾಡುವ ಆಸೆಯಿದ್ದು, ಎಲ್ಲಿಂದ ಶುರು ಮಾಡುವುದು ಅಂತ ತಿಳಿಯದಿದ್ದರೆ, ಒಂದು ನಿಮಿಷದೊಳಗಿನ ಹಳೇ ಮೂಕಿ ಸಿನಿಮಾ ಆರಿಸಿಕೊಳ್ಳಿ. ನಾವು ಒದ್ದಾಡಿ ಕಲಿತದ್ದು ಇಷ್ಟು:

• ಫೋನನ್ನು ಅಡ್ಡ ಹಿಡಿದು, ಸ್ಟೂಲೋ ಇಟ್ಟಿಗೆಯೋ, ಅಲ್ಲಾಡದ ಜಾಗದಲ್ಲಿ ಇಡಿ. ಕಾಲಿನ ಕೆಲಸ ಇರುವ ಕಥೆಯಾದರೆ ತಲೆಯಿಂದ ಪಾದದವರೆಗೂ ಕಾಣಬೇಕು.

• ಫ್ರೇಮ್ ಎಲ್ಲಿಗೆ ಮುಗಿಯುತ್ತದೆ ಅಂತ ನೆಲದ ಮೇಲೆ ಸುಣ್ಣದಲ್ಲೋ ಕಲ್ಲಿಟ್ಟೋ ಗುರುತು ಮಾಡಿ. ನಟಿಸುವವರಿಗೆ ಅದು ಗೊತ್ತಿರಲಿ.

• ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಇಲ್ಲದಿದ್ದರೆ ಯಾರಾದರೂ ಅಲ್ಲಾಡಿದಾಗಲೆಲ್ಲ ಚಿತ್ರ ಮಂಕಾಗಿ, ಬೆಳ್ಳಗಾಗಿ ಕುಣಿಯುತ್ತದೆ.

• ಎಷ್ಟು ಟೇಕ್ ಅಂತ ಮೊದಲೇ ನಿರ್ಧರಿಸಿ. ನಾಲ್ಕೇ ಅಂದರೆ ಮೊದಲನೆಯದನ್ನೂ ಗಮನವಿಟ್ಟು ಮಾಡುತ್ತೀರಿ.

• ಏರೋಪ್ಲೇನ್ ಮೋಡ್ ಹಾಕಿ. ಕಷ್ಟ, ಗೊತ್ತು. ಆದರೂ ಹಾಕಿ.

• ಮಕ್ಕಳಿದ್ದರೆ ಅವರ ಮನೆಯವರನ್ನು ಕೇಳಿ. ವಯಸ್ಸಾದವರಿದ್ದರೆ ಒಣಗಿದ ಟವೆಲ್, ಬಿಸಿ ಕಾಫಿ ರೆಡಿ ಇರಲಿ.

ಈ ಸಿನಿಮಾದಿಂದ ನನಗೆ ಕೆಲಸ ಸಿಕ್ಕಿತು ಅಂತ ಬರೆದರೆ ಸುಳ್ಳಾಗುತ್ತದೆ. ಇನ್ನೂ ಹುಡುಕುತ್ತಿದ್ದೇನೆ. ಆದರೆ ಇಂಟರ್‌ವ್ಯೂಗಳಲ್ಲಿ 'ತಂಡದಲ್ಲಿ ಕೆಲಸ ಮಾಡುವಾಗ ಬಂದ ಒಂದು ಸಮಸ್ಯೆ ಹೇಳಿ' ಅಂದಾಗ ಮುಂಚೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದೆ. ಈಗ ಪೈಪಿನ ಕಥೆ ಹೇಳುತ್ತೇನೆ. ಎದುರಿಗಿರುವವರು ಪೆನ್ ಕೆಳಗಿಟ್ಟು ಕೇಳುತ್ತಾರೆ. ಅಮ್ಮನಿಗೂ ವಿಡಿಯೊ ಕಳಿಸಿದೆ. ಎರಡೂವರೆ ಸಾವಿರದ ಮಾತು ಮತ್ತೆ ಬಂದಿಲ್ಲ. ಟ್ಯೂಷನ್ ಕೋಣೆಯಲ್ಲಿದ್ದ ಸ್ಕೇಲ್ ಈಗ ಗೆರೆ ಎಳೆಯಲು ಮಾತ್ರ.

ಪುಟ್ಟ ಹುಡುಗ ಈಗ ಸ್ಕೂಲಿಗೆ ಹೋಗುವ ಮುಂಚೆ ಬಂದು ಗಿಡಗಳಿಗೆ ನೀರು ಹಾಕುತ್ತಾನೆ. ಹಿಂದಿನಿಂದ ಸದ್ದಿಲ್ಲದೆ ಬಂದು ಪೈಪ್ ಮಡಚಿ ಹಿಡಿಯುವುದು ಈಗ ತಾತನ ಕೆಲಸ.